ಗೇಮ್ ಅನಿಮೇಷನ್ ಕಲಿಯಬೇಕಾ? ಫೀಸು ಕಟ್ಟುವ ಮೊದಲು ಇಷ್ಟು ನೋಡಿ

ಹೋದ ವರ್ಷ ಅಕ್ಕನ ಮಗ ಒಂದು ಕಾಲೇಜಿನ ಬ್ರೋಷರ್ ತಂದು ನನ್ನ ಮುಂದಿಟ್ಟ. ಮೊದಲ ಪುಟದಲ್ಲೇ ಬೆಂಕಿ ಉಗುಳುವ ಡ್ರ್ಯಾಗನ್. ಮೈಮೇಲಿನ ಒಂದೊಂದು ಚಿಪ್ಪೂ ಮಿರಮಿರ ಮಿಂಚುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಗೇಮ್ ಅನಿಮೇಷನ್ ಪದವಿ’. ಹುಡುಗ ಮನಸ್ಸಿನಲ್ಲಿ ಆಗಲೇ ಸೇರಿಕೊಂಡುಬಿಟ್ಟಿದ್ದ. ನಾನು ಅಲ್ಲಿಗೆ ಫೋನ್ ಹಚ್ಚಿ, ಈ ಡ್ರ್ಯಾಗನ್ ಮಾಡಿದ್ದು ನಿಮ್ಮ ಯಾವ ವಿದ್ಯಾರ್ಥಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅದು ಸುಮ್ನೆ ಡಿಸೈನ್‌ಗೆ ಅಂತ ಹಾಕಿದ್ದು ಸರ್’ ಅಂದರು.

ನಾನು ಗೇಮ್ ಕಂಪನಿಯಲ್ಲಿ ಅನಿಮೇಟರ್. ಕೆಲಸ ಕೇಳಿಕೊಂಡು ಬರುವ ಹೊಸಬರ ರೀಲ್, ಅಂದರೆ ತಾವು ಮಾಡಿದ ಅನಿಮೇಷನ್ ತುಣುಕುಗಳ ಚಿಕ್ಕ ವಿಡಿಯೋ, ನೋಡುವುದೂ ಆಗಾಗ ನನ್ನ ಪಾಲಿಗೆ ಬರುತ್ತದೆ. ಮೂರು ವರ್ಷ ಓದಿ, ಕೈತುಂಬ ಸರ್ಟಿಫಿಕೇಟ್ ಹಿಡಿದು ಬಂದಿರುತ್ತಾರೆ. ಆದರೆ ಅವರ ಪಾತ್ರಕ್ಕೆ ನೆಟ್ಟಗೆ ನಾಲ್ಕು ಹೆಜ್ಜೆ ಇಡಲು ಬರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಅವರು ಮಾಡಿದ್ದನ್ನು ಯಾರೂ ಪಕ್ಕದಲ್ಲಿ ಕೂತು ನೋಡಿಲ್ಲ, ‘ಸೊಂಟ ಸರಿಯಿಲ್ಲ, ಮತ್ತೆ ಮಾಡು’ ಎಂದು ವಾಪಸ್ ಕಳಿಸಿಲ್ಲ. ಹಾಗಾಗಿ ಯಾರಾದರೂ ಕೋರ್ಸ್ ಬಗ್ಗೆ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಅಲ್ಲಿ ನಿನ್ನ ಕೆಲಸವನ್ನು ಯಾರು ನೋಡುತ್ತಾರೆ, ಎಷ್ಟು ಸಲ ತಿದ್ದಿಸುತ್ತಾರೆ? ಅದನ್ನು ಪತ್ತೆ ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ನಿಮಗೆ ಬೇಕಿರುವುದು ಅನಿಮೇಷನ್ನೇನಾ?

ಗೇಮ್ ಆಡೋದು ಇಷ್ಟ, ಚಿತ್ರ ಬಿಡಿಸೋದೂ ಇಷ್ಟ, ಅಂದಮೇಲೆ ಗೇಮ್ ಅನಿಮೇಷನ್. ಹೆಚ್ಚಿನವರು ಬರುವುದು ಈ ಲೆಕ್ಕದಲ್ಲೇ. ಲೆಕ್ಕ ಅಷ್ಟು ಸುಲಭವಿಲ್ಲ.

ಗೇಮ್ ಒಳಗಿನ ಒಬ್ಬ ಯೋಧನನ್ನು ತೆಗೆದುಕೊಳ್ಳಿ. ಅವನು ಹೇಗಿರಬೇಕು ಎಂದು ಬಿಡಿಸುವವರು ಕಾನ್ಸೆಪ್ಟ್ ಆರ್ಟಿಸ್ಟ್. ಆ ಚಿತ್ರ ನೋಡಿಕೊಂಡು ತ್ರೀಡಿಯಲ್ಲಿ ಕೆತ್ತುವವರು ಮಾಡೆಲರ್. ಒಳಗೆ ಮೂಳೆ ಕೂರಿಸಿ, ಎಳೆದರೆ ಮೊಣಕೈ ಮಡಿಯುವಂತೆ ಮಾಡುವವರು ರಿಗ್ಗರ್. ಆ ಗೊಂಬೆಯನ್ನು ನಡೆಸುವುದು, ಓಡಿಸುವುದು, ಏಟು ತಿಂದಾಗ ತತ್ತರಿಸುವಂತೆ ಮಾಡುವುದು ಅನಿಮೇಟರ್ ಕೆಲಸ. ಈ ಚಲನೆಗಳನ್ನೆಲ್ಲ ಗೇಮ್ ಎಂಜಿನ್‌ಗೆ, ಅಂದರೆ ಗೇಮ್ ಕಟ್ಟಿ ಓಡಿಸುವ ಸಾಫ್ಟ್‌ವೇರ್‌ಗೆ, ತಂದು, ಯಾವ ಬಟನ್ ಒತ್ತಿದರೆ ಯಾವುದು ಬರಬೇಕು ಎಂದು ಹೊಂದಿಸುವವರು ಟೆಕ್ನಿಕಲ್ ಅನಿಮೇಟರ್. ಚಿಕ್ಕ ಸ್ಟುಡಿಯೋದಲ್ಲಿ ಒಬ್ಬರೇ ಇದರಲ್ಲಿ ಮೂರು ಕೆಲಸ ಮಾಡುತ್ತಾರೆ. ದೊಡ್ಡ ಕಡೆ ಒಬ್ಬೊಬ್ಬರಿಗೆ ಒಂದೊಂದು.

ನಿಮ್ಮದು ಯಾವುದು ಅಂತ ತಿಳಿಯಲು ದುಡ್ಡು ಬೇಕಿಲ್ಲ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಅದು ಉಚಿತ, 2002ರಿಂದಲೂ ಓಪನ್ ಸೋರ್ಸ್. ಹದಿನೈದು ದಿನ ಒಂದೇ ಕೆಲಸ ಮಾಡಿ: ಒಂದು ಚೆಂಡನ್ನು ಪುಟಿಸಿ. ಆಮೇಲೆ ಕಬ್ಬಿಣದ ಗುಂಡು, ಆಮೇಲೆ ಬಲೂನು. ಮೂರೂ ಒಂದೇ ಗಾತ್ರದ, ಒಂದೇ ಬೂದು ಬಣ್ಣದ ಗೋಲಗಳಾಗಿರಲಿ. ಬಿದ್ದು ಏಳುವ ರೀತಿ ನೋಡಿಯೇ ಯಾವುದು ಭಾರ, ಯಾವುದು ಹಗುರ ಎಂದು ಮನೆಯವರು ಹೇಳುವಂತಾಗಬೇಕು. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಒಂದು ಗೆರೆಯ ಬಾಗು ಚೂರು ಹೆಚ್ಚು ಕಡಿಮೆ ಮಾಡುತ್ತಾ ಕೂತಾಗ ಊಟದ ಹೊತ್ತು ಮೀರಿದ್ದೇ ಗೊತ್ತಾಗದಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಅಕ್ಕನ ಮಗನಿಗೂ ಇದನ್ನೇ ಹೇಳಿದ್ದೆ. ಹದಿನೈದು ದಿನದಲ್ಲಿ ಹನ್ನೊಂದು ದಿನ ಅವನು ಚೆಂಡಿನ ಚರ್ಮಕ್ಕೆ ಹೊಲಿಗೆ ಹಾಕುತ್ತಾ ಕಳೆದ. ಪುಟಿಸಿದ್ದು ಕೊನೆಯ ಎರಡು ದಿನ, ಅದೂ ನನ್ನ ಕಾಟಕ್ಕೆ. ಅವನಿಗೆ ಬೇಕಿದ್ದದ್ದು ಮಾಡೆಲಿಂಗ್. ಈಗ ಗೇಮ್ ಆರ್ಟ್ ಓದುತ್ತಿದ್ದಾನೆ, ಖುಷಿಯಾಗಿದ್ದಾನೆ.

2. ಸಿನಿಮಾ ಅನಿಮೇಷನ್‌ಗೂ ಗೇಮ್ ಅನಿಮೇಷನ್‌ಗೂ ಇರುವ ವ್ಯತ್ಯಾಸ ತಿಳಿದುಕೊಳ್ಳಿ

ಇದು ಗೊತ್ತಿಲ್ಲದೆ ಸಿಲಬಸ್ ಓದಿದರೆ ಎಲ್ಲ ಕೋರ್ಸೂ ಒಂದೇ ಥರ ಕಾಣುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಜಿಗಿತ ಸಾಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. ಪಾತ್ರ ಜಿಗಿಯುವ ಮುಂಚೆ ಮೊಣಕಾಲು ಬಗ್ಗಿಸಿ, ಕೈ ಹಿಂದಕ್ಕೆ ಎಳೆದು ತಯಾರಾಗುತ್ತದೆ. ಇದಕ್ಕೆ ಆ್ಯಂಟಿಸಿಪೇಷನ್ ಅನ್ನುತ್ತಾರೆ. ಅದಕ್ಕೆ 10 ಫ್ರೇಮ್ ಕೊಟ್ಟರೆ ಸಿನಿಮಾದಲ್ಲಿ ಚೆಂದ ಕಾಣುತ್ತದೆ. ಅದೇ 10 ಫ್ರೇಮನ್ನು ಗೇಮ್‌ಗೆ ತನ್ನಿ. ಆಡುವವನು ಬಟನ್ ಒತ್ತಿದ ಮೇಲೆ 0.4 ಸೆಕೆಂಡು ಪಾತ್ರ ಬಗ್ಗುತ್ತಲೇ ಇರುತ್ತದೆ, ನೆಲ ಬಿಡುವುದೇ ಇಲ್ಲ. ಅಷ್ಟರಲ್ಲಿ ಅವನು ಹಳ್ಳಕ್ಕೆ ಬಿದ್ದಿರುತ್ತಾನೆ. ಕಂಟ್ರೋಲರ್ ಕೆಟ್ಟಿದೆ ಅಂತ ಬೈಯುತ್ತಾನೆ.

ಹಾಗಾಗಿ ಗೇಮ್ ಅನಿಮೇಟರ್ ಆ ತಯಾರಿಯನ್ನು ಒಂದೆರಡು ಫ್ರೇಮ್‌ಗೆ ಇಳಿಸುತ್ತಾನೆ. ಕೆಲವೊಮ್ಮೆ ಪೂರ್ತಿ ಕಿತ್ತೇ ಹಾಕುತ್ತಾನೆ. ಹಾಗಾದರೆ ಮೈಭಾರ ತೋರಿಸುವುದು ಎಲ್ಲಿ? ನೆಲಕ್ಕೆ ಬಂದು ಇಳಿಯುವಾಗ. ಮೊಣಕಾಲು ಕುಸಿಯುತ್ತದೆ, ತಲೆ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ಅಲ್ಲೂ ಒಂದು ಷರತ್ತಿದೆ. ಇಳಿದ ತಕ್ಷಣ ಆಡುವವನು ಓಡಲು ಬಟನ್ ಒತ್ತಿದರೆ, ಆ ಕುಸಿತವನ್ನು ಅರ್ಧಕ್ಕೇ ಬಿಟ್ಟು ಓಟಕ್ಕೆ ಜಾರಬೇಕು. ಆ ಜಾರುವಿಕೆ ಕಣ್ಣಿಗೆ ಹೊಡೆಯಬಾರದು. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡು. ನಮ್ಮ ಜಗಳಗಳೆಲ್ಲ ಇಂಥ ಎರಡು ಮೂರು ಫ್ರೇಮ್‌ಗಾಗಿಯೇ ನಡೆಯುತ್ತವೆ.

ಇದು ಹೊಸ ಗೋಳೇನಲ್ಲ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಗೇಮ್‌ಗೆ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೋ ಮಾಡಿ, ಅದರ ಮೇಲೇ ಗೆರೆ ಎಳೆದು ಪಾತ್ರವನ್ನು ನಡೆಸಿದ್ದ. ಆ ಕಾಲಕ್ಕೆ ಅಷ್ಟು ಜೀವಂತವಾದ ಚಲನೆ ಅಪರೂಪ. ಆದರೆ ಓಡುತ್ತಿರುವ ರಾಜಕುಮಾರ ಬಟನ್ ಬಿಟ್ಟ ಕೂಡಲೇ ನಿಲ್ಲುವುದಿಲ್ಲ, ಜಾರಿಕೊಂಡು ಹೋಗಿ ನಿಲ್ಲುತ್ತಾನೆ. ಚೆಂದವಾಗಿ ಕಾಣಬೇಕೋ, ಹೇಳಿದ ತಕ್ಷಣ ಕೇಳಬೇಕೋ? ಈ ಎಳೆದಾಟ ಇವತ್ತಿಗೂ ಮುಗಿದಿಲ್ಲ.

ಇನ್ನೊಂದು ವಿಷಯ. ಸಿನಿಮಾದಲ್ಲಿ ಕ್ಯಾಮೆರಾ ಎಲ್ಲಿರುತ್ತದೆ ಎಂದು ಅನಿಮೇಟರ್‌ಗೆ ಗೊತ್ತು. ಕಾಣದ ಕೈ ಹೇಗಿದ್ದರೂ ನಡೆಯುತ್ತದೆ. ತ್ರೀಡಿ ಗೇಮ್‌ನಲ್ಲಿ ಎಷ್ಟೋ ಸಲ ಕ್ಯಾಮೆರಾ ಆಡುವವನ ಕೈಯಲ್ಲಿರುತ್ತದೆ. ಬೆನ್ನ ಹಿಂದಿನಿಂದ ನೋಡಿದರೂ ಭಂಗಿ ಸರಿಯಾಗಿರಬೇಕು.

3. ಸಿಲಬಸ್ ಮೇಲೆ ಪೆನ್ಸಿಲ್ ಆಡಿಸಿ

ಕೋರ್ಸಿನ ಹೆಸರು ನಂಬಬೇಡಿ. ‘ಅನಿಮೇಷನ್ ಮತ್ತು ಮಲ್ಟಿಮೀಡಿಯಾ’, ‘ಗೇಮ್ ಆರ್ಟ್’, ‘ಗೇಮ್ ಡಿಸೈನ್’, ‘ವಿಎಫ್‌ಎಕ್ಸ್’: ಒಂದು ಕಡೆಯ ಹೆಸರಿನ ಒಳಗಿರುವ ಪಾಠ ಇನ್ನೊಂದು ಕಡೆ ಬೇರೆ ಹೆಸರಿನ ಒಳಗಿರುತ್ತದೆ. ಸೆಮಿಸ್ಟರ್ ಪ್ರಕಾರ ವಿಷಯಗಳ ಪಟ್ಟಿ ತರಿಸಿಕೊಳ್ಳಿ. ಪಾತ್ರವನ್ನು ನಿಜವಾಗಿ ಚಲಿಸುವಂತೆ ಮಾಡುವ ಪಾಠಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿ. ಪೂರ್ತಿ ಪದವಿಯಲ್ಲಿ ಅಂಥವು ಮೂರೋ ನಾಲ್ಕೋ ಸಿಕ್ಕರೆ, ಹೊರಗೆ ಏನೇ ಬರೆದಿದ್ದರೂ ಅದು ಅನಿಮೇಷನ್ ಕೋರ್ಸ್ ಅಲ್ಲ.

ಒಳ್ಳೆಯ ಕಡೆ ಪಾಠಕ್ಕೊಂದು ಸಹಜ ಏರು ಇರುತ್ತದೆ. ಮೊದಲು ಚೆಂಡು, ಬಾಲ, ಹಿಟ್ಟಿನ ಮೂಟೆ. ಆಮೇಲೆ ನಡಿಗೆ, ಓಟ, ಭಾರ ಎತ್ತುವುದು, ತಳ್ಳುವುದು. ಇದನ್ನು ಬಾಡಿ ಮೆಕ್ಯಾನಿಕ್ಸ್ ಅನ್ನುತ್ತಾರೆ. ಇದಕ್ಕೇ ಒಂದು ವರ್ಷ ಹಿಡಿದರೂ ಜಾಸ್ತಿಯಲ್ಲ. ಡಿಸ್ನಿಯ ಹಿರಿಯ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ ಅನಿಮೇಷನ್ನಿನ 12 ತತ್ವಗಳನ್ನು ಎಲ್ಲರೂ ಕಲಿಸುತ್ತಾರೆ. ಅವನ್ನು ಒಂದು ವಾರದ ಸ್ಲೈಡ್ ಶೋ ಮಾಡಿ ಮುಗಿಸುತ್ತಾರೋ, ಪ್ರತಿ ಅಸೈನ್‌ಮೆಂಟ್‌ನಲ್ಲೂ ತಿಕ್ಕಿ ತಿಕ್ಕಿ ಕೇಳುತ್ತಾರೋ ಎನ್ನುವುದು ಮುಖ್ಯ.

ಗೇಮ್‌ಗೇ ಅಂತ ಇರಬೇಕಾದ ಪಾಠಗಳು ಬೇರೆ ಇವೆ. ಐಡಲ್, ಅಂದರೆ ಪಾತ್ರ ಸುಮ್ಮನೆ ನಿಂತಾಗಿನ ಉಸಿರಾಟದ ಲೂಪ್. ನಡಿಗೆಯಿಂದ ಓಟಕ್ಕೆ, ಓಟದಿಂದ ನಿಲುಗಡೆಗೆ ಹೋಗುವ ಚಲನೆಗಳು. ಹೊಡೆತ ಮತ್ತು ಹೊಡೆತ ತಿಂದ ಪ್ರತಿಕ್ರಿಯೆ. ಸ್ಟೇಟ್ ಮೆಷಿನ್ (ಯಾವ ಚಲನೆಯಿಂದ ಯಾವುದಕ್ಕೆ ಹೋಗಬೇಕೆಂಬ ನಕ್ಷೆ), ಬ್ಲೆಂಡ್ ಸ್ಪೇಸ್ (ಚಲನೆಗಳನ್ನು ಬೆರೆಸುವುದು), ರೂಟ್ ಮೋಷನ್ (ಅನಿಮೇಷನ್ನೇ ಪಾತ್ರವನ್ನು ಮುಂದಕ್ಕೆ ಒಯ್ಯುವುದು) ಎಂಬ ಪದಗಳು ಪಟ್ಟಿಯಲ್ಲಿ ಎಲ್ಲಾದರೂ ಇದ್ದರೆ, ಸಿಲಬಸ್ ಬರೆದವರು ಎಂಜಿನ್ ತೆರೆದು ನೋಡಿದ್ದಾರೆ ಎಂದು ಅರ್ಥ. ಅನ್‌ರಿಯಲ್ ಅಥವಾ ಯೂನಿಟಿ ಎಂಬ ಎಂಜಿನ್‌ಗಳು ಕೊನೆಯ ಸೆಮಿಸ್ಟರ್‌ನಲ್ಲಿ ಮೊದಲ ಸಲ ಕಾಣಿಸಿಕೊಂಡರೆ ತಡವಾಯಿತು. ಮಾಡಿದ್ದನ್ನು ಬಟನ್ ಒತ್ತಿ ಆಡಿ ನೋಡದ ತನಕ ಅದು ಗೇಮ್ ಅನಿಮೇಷನ್ ಆಗುವುದಿಲ್ಲ.

ಮೊಕ್ಯಾಪ್ (ನಟರ ಚಲನೆಯನ್ನು ರೆಕಾರ್ಡ್ ಮಾಡಿಕೊಳ್ಳುವುದು) ಕ್ಲೀನಪ್ ಇದೆಯಾ ನೋಡಿ. ‘ನಟರ ಮೈಗೆ ಸೆನ್ಸರ್ ಕಟ್ಟಿ ರೆಕಾರ್ಡ್ ಮಾಡಿದ ಮೇಲೆ ಅನಿಮೇಟರ್ ಯಾಕೆ?’ ಎಂದು ಕೇಳುವವರಿದ್ದಾರೆ. ಬಂದ ಡೇಟಾ ಹಾಗೇ ಬಳಸಲು ಆಗುವುದಿಲ್ಲ. ಪಾದ ನೆಲದ ಮೇಲೆ ಜಾರುತ್ತದೆ, ಬೆರಳು ನಡುಗುತ್ತದೆ. ಮನುಷ್ಯ ತೆಗೆದುಕೊಂಡ ಸಮಯ ಗೇಮ್‌ಗೆ ಉದ್ದವಾಗುತ್ತದೆ. ಅದನ್ನು ಕತ್ತರಿಸಿ, ಭಂಗಿಯನ್ನು ಹುರಿಗೊಳಿಸಿ ಕೂರಿಸಬೇಕು. ಹೊಸಬರಿಗೆ ಮೊದಲು ಸಿಗುವ ಕೆಲಸಗಳಲ್ಲಿ ಇದೂ ಒಂದು.

ಜೊತೆಗೆ ಎದುರಿಗಿರುವ ಮನುಷ್ಯನನ್ನು ನೋಡಿ ಚಿತ್ರ ಬಿಡಿಸುವ ಕ್ಲಾಸು, ಸ್ವಲ್ಪ ನಟನೆ, ಸ್ವಲ್ಪ ರಿಗ್ಗಿಂಗ್ ಇದ್ದರೆ ಒಳ್ಳೆಯದು. ಪೈಥಾನ್ ಸ್ಕ್ರಿಪ್ಟಿಂಗ್ ಇದ್ದರೆ ಬೋನಸ್ ಅಂದುಕೊಳ್ಳಿ.

ಸಾಫ್ಟ್‌ವೇರ್ ಬಗ್ಗೆ ಉದ್ದ ಚರ್ಚೆ ಬೇಡ. ದೊಡ್ಡ ಸ್ಟುಡಿಯೋಗಳಲ್ಲಿ ಮಾಯಾ ಜಾಸ್ತಿ, ಚಿಕ್ಕ ತಂಡಗಳಲ್ಲಿ ಬ್ಲೆಂಡರ್ ಕೂಡ ಸಾಕಷ್ಟಿದೆ. ಟೂಡಿ ಗೇಮ್‌ಗೆ ಸ್ಪೈನ್ ಬಳಸುತ್ತಾರೆ. ಒಂದನ್ನು ಗಟ್ಟಿಯಾಗಿ ಕಲಿತವರು ಇನ್ನೊಂದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ. ‘ಒಂದು ವರ್ಷದಲ್ಲಿ 14 ಸಾಫ್ಟ್‌ವೇರ್’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

4. ಹಳೇ ವಿದ್ಯಾರ್ಥಿಗಳ ರೀಲ್ ಕೇಳಿ, ಫ್ರೇಮ್ ಫ್ರೇಮ್ ನೋಡಿ

ಸಮಯ ಕಮ್ಮಿ ಇದ್ದರೆ ಬೇರೆಲ್ಲ ಬಿಡಿ, ಇದೊಂದನ್ನು ಮಾಡಿ. ಕಳೆದ ಎರಡು ವರ್ಷದಲ್ಲಿ ಓದು ಮುಗಿಸಿದ ಐದು ಜನರ ರೀಲ್ ಕೇಳಿ. ಹತ್ತು ವರ್ಷದ ಹಿಂದಿನ ಒಬ್ಬ ಸ್ಟಾರ್ ವಿದ್ಯಾರ್ಥಿಯದ್ದು ಬೇಡ. ಆ ಹುಡುಗ ಎಲ್ಲಿದ್ದರೂ ಮೇಲೆ ಬರುತ್ತಿದ್ದ. ನಿಮಗೆ ನೋಡಬೇಕಿರುವುದು ಆ ಬ್ಯಾಚಿನ ಮಧ್ಯದವರು ಎಲ್ಲಿಗೆ ಮುಟ್ಟಿದ್ದಾರೆ ಅನ್ನುವುದು.

ನೋಡುವಾಗ ಸದ್ದು ಬಂದ್ ಮಾಡಿ. ಅಬ್ಬರದ ಸಂಗೀತ ಎಷ್ಟೋ ತಪ್ಪು ಮುಚ್ಚುತ್ತದೆ. ವಿಡಿಯೋ ಯೂಟ್ಯೂಬ್‌ನಲ್ಲಿದ್ದರೆ ನಿಲ್ಲಿಸಿ, ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀ ಒತ್ತಿ. ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಮೊದಲು ಪಾದ ನೋಡಿ. ನೆಲಕ್ಕೆ ಊರಿದ ಪಾದ ಅಲ್ಲೇ ನಿಂತಿದೆಯೋ, ಮಂಜುಗಡ್ಡೆ ಮೇಲಿದ್ದಂತೆ ಜಾರುತ್ತಿದೆಯೋ? ಆಮೇಲೆ ಸೊಂಟ. ಒಂದು ಕಾಲು ಎತ್ತಿದಾಗ ಮೈಭಾರ ಇನ್ನೊಂದು ಕಾಲಿನ ಮೇಲೆ ಸರಿಯಬೇಕು. ಸರಿಯದಿದ್ದರೆ ಪಾತ್ರ ದಾರಕ್ಕೆ ಕಟ್ಟಿದ ಗೊಂಬೆ ಹಾಗೆ ತೂಗಾಡುತ್ತದೆ. ಕತ್ತಿ ಬೀಸಿದ ಮೇಲೆ ಮತ್ತೆ ನಿಂತ ಭಂಗಿಗೆ ಬರುವಾಗ ಟಕ್ ಅಂತ ಹಾರುತ್ತದಾ? ಎಂಜಿನ್ ಒಳಗೆ ಪಾತ್ರವನ್ನು ಓಡಾಡಿಸಿ ರೆಕಾರ್ಡ್ ಮಾಡಿದ್ದು ಎಲ್ಲಾದರೂ ಇದೆಯಾ?

ಐವರೂ ಒಂದೇ ರಿಗ್, ಅಂದರೆ ಮೂಳೆ ಕೂರಿಸಿದ ಗೊಂಬೆ, ಬಳಸಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಉಚಿತ ರಿಗ್‌ಗಳನ್ನು ಎಲ್ಲರೂ ಬಳಸುತ್ತಾರೆ. ಐವರದ್ದೂ ಒಂದೇ ಚಲನೆಯಾದರೆ ಅನುಮಾನಪಡಿ. ಅಡೋಬಿಯ ಮಿಕ್ಸಾಮೋದಲ್ಲಿ ರೆಡಿಮೇಡ್ ಓಟ, ಕುಣಿತ ಬಿಟ್ಟಿ ಸಿಗುತ್ತದೆ. ಅದನ್ನು ತಮ್ಮ ಕೆಲಸ ಅಂತ ರೀಲ್‌ಗೆ ಹಾಕುವವರು ಇದ್ದಾರೆ, ಹಾಕಲು ಬಿಡುವ ಕಾಲೇಜುಗಳೂ ಇವೆ.

ನನಗೆ ನೆನಪಿರುವ ಒಂದು ರೀಲ್ ಇದೆ. ಬರೀ 35 ಸೆಕೆಂಡು. ಬೂದು ಬಣ್ಣದ, ಮುಖವೇ ಇಲ್ಲದ ಗೊಂಬೆ. ಒಂದು ಭಾರದ ಪೆಟ್ಟಿಗೆ ಎತ್ತಬೇಕು. ಎತ್ತುವ ಮುಂಚೆ ಗೊಂಬೆ ಬಲಗಾಲನ್ನು ಚೂರು ಅಗಲಕ್ಕೆ ಸರಿಸಿ ಇಟ್ಟಿತು. ಒಮ್ಮೆ ಜಗ್ಗಿ ನೋಡಿತು, ಬರಲಿಲ್ಲ. ಹಿಡಿತ ಬದಲಿಸಿತು. ನಾವು ಮೂರು ಜನ ಒಟ್ಟಿಗೆ ನೋಡುತ್ತಿದ್ದೆವು. ಆ ಬಲಗಾಲು ಸರಿದ ಕ್ಷಣಕ್ಕೇ ಒಬ್ಬರು ‘ಕರೆಸೋಣ’ ಅಂದರು. ಆ ಹುಡುಗಿಯನ್ನು ಸಂದರ್ಶನದಲ್ಲಿ ಕೇಳಿದಾಗ, ಆ ಶಾಟ್ ಒಂಬತ್ತು ಸಲ ವಾಪಸ್ ಬಂದಿತ್ತು ಎಂದು ನಕ್ಕಳು. ಅದೇ ಕೋರ್ಸಿನವರು ಆಮೇಲೂ ಇಬ್ಬರು ಬಂದರು. ಅವರ ರೀಲಿನಲ್ಲೂ ಕಾಲು ನೆಲದ ಮೇಲಿತ್ತು.

5. ಕಾಲೇಜಿಗೆ ಹೋಗಿ, ಕ್ಲಾಸಿನಲ್ಲಿ ಕೂರಿ

ಲ್ಯಾಬ್ ತೋರಿಸುತ್ತಾರೆ, ದೊಡ್ಡ ದೊಡ್ಡ ಪರದೆ ತೋರಿಸುತ್ತಾರೆ. ನೋಡಿ, ಪರವಾಗಿಲ್ಲ. ಆಮೇಲೆ ‘ಕೆಲಸ ತಿದ್ದುವ ಕ್ಲಾಸು ಯಾವತ್ತು? ಹಿಂದೆ ಕೂತು ನೋಡಬಹುದಾ?’ ಅಂತ ಕೇಳಿ. ಮೇಷ್ಟ್ರು ವಿದ್ಯಾರ್ಥಿಯ ಶಾಟ್ ಪರದೆಗೆ ಹಾಕಿ, ಅದರ ಮೇಲೇ ಗೆರೆ ಎಳೆದು ‘ಇಲ್ಲಿ ಎದೆ ಮೊದಲು ತಿರುಗಲಿ, ಕೈ ಎರಡು ಫ್ರೇಮ್ ಹಿಂದೆ ಬರಲಿ’ ಎಂದು ಹೇಳುತ್ತಿದ್ದರೆ ಕೋರ್ಸ್ ಜೀವಂತವಾಗಿದೆ. ‘ಚೆನ್ನಾಗಿದೆ, ಇನ್ನೂ ಸ್ವಲ್ಪ ಸ್ಮೂತ್ ಮಾಡು’ ಎಂಬಲ್ಲಿಗೆ ಮಾತು ಮುಗಿದರೆ ನಿಮಗೇ ಗೊತ್ತಾಗುತ್ತದೆ.

ಒಂದು ಸಣ್ಣ ಗುಣಾಕಾರವೂ ಮಾಡಿ. ಎರಡು ಗಂಟೆಯ ಕ್ಲಾಸಿನಲ್ಲಿ 30 ಜನರಿದ್ದರೆ ಒಬ್ಬರಿಗೆ ಸಿಗುವುದು ನಾಲ್ಕು ನಿಮಿಷ. 12 ಜನರಿದ್ದರೆ ಹತ್ತು ನಿಮಿಷ. ಫೀಸಿನ ಅಂಕಿಯ ಪಕ್ಕದಲ್ಲಿ ಈ ಅಂಕಿಯನ್ನೂ ಬರೆದುಕೊಳ್ಳಿ.

ಕಲಿಸುವವರು ಯಾರು? ಬಿಡುಗಡೆಯಾದ ಗೇಮ್‌ನಲ್ಲಿ ಅವರು ಕೆಲಸ ಮಾಡಿದ್ದಾರಾ? ಎಲ್ಲರೂ ಮಾಡಿರಬೇಕು ಅಂತಿಲ್ಲ, ಒಬ್ಬಿಬ್ಬರಾದರೂ ಇರಲಿ. ಹೋದ ವರ್ಷ ಅಲ್ಲೇ ಪಾಸಾದವರು ಈ ವರ್ಷ ಅಲ್ಲೇ ಪಾಠ ಮಾಡುತ್ತಿದ್ದರೆ, ಅವರಿಗೆ ಹೊರಗೆ ಕೆಲಸ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಅಲ್ವಾ?

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದರೆ ಹುದ್ದೆಯ ಹೆಸರು ಕೇಳಿ. ಅನಿಮೇಷನ್ ಓದಿ ವಿಡಿಯೋ ಎಡಿಟಿಂಗ್‌ಗೆ ಸೇರಿದವರನ್ನೂ ಅದೇ ಲೆಕ್ಕಕ್ಕೆ ಸೇರಿಸಿರಬಹುದು. ಹಳೇ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಇಬ್ಬರಿಗೆ ಮೆಸೇಜ್ ಹಾಕಿ. ಜನ ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ, ಅದರಲ್ಲೂ ಬೇಸರಗೊಂಡವರು ಉದ್ದವಾಗಿ ಕೊಡುತ್ತಾರೆ.

ತಂಡದ ಪ್ರಾಜೆಕ್ಟ್ ಬಗ್ಗೆಯೂ ವಿಚಾರಿಸಿ. ಪ್ರೋಗ್ರಾಮಿಂಗ್ ಓದುವವರು, ಡಿಸೈನ್ ಓದುವವರು, ಅನಿಮೇಟರ್‌ಗಳು ಸೇರಿ ಒಂದು ಚಿಕ್ಕ ಗೇಮ್ ಮುಗಿಸುವ ಅವಕಾಶ ಇದೆಯಾ? ‘ನಿನ್ನ ಓಟ ಉದ್ದವಾಯಿತು, ಕತ್ತರಿಸು’ ಎಂದು ಪ್ರೋಗ್ರಾಮರ್ ಬಾಯಿಂದ ಕೇಳಿಸಿಕೊಳ್ಳುವುದು ಓದುವಾಗಲೇ ಆಗಿಬಿಟ್ಟರೆ ಕೆಲಸಕ್ಕೆ ಸೇರಿದ ಮೇಲೆ ಅಳು ಬರುವುದಿಲ್ಲ. ಕಾಲೇಜಿನಲ್ಲಿ ಇದು ಇಲ್ಲದಿದ್ದರೆ 2009ರಿಂದ ಪ್ರತಿ ಜನವರಿಯಲ್ಲಿ ನಡೆಯುವ ತಂಡ ಕಟ್ಟಿ ಕೆಲವೇ ದಿನದಲ್ಲಿ ಗೇಮ್ ಮಾಡುವ ಗ್ಲೋಬಲ್ ಗೇಮ್ ಜಾಮ್‌ನಂಥ ಕಡೆ ನೀವೇ ಹೋಗಬಹುದು.

6. ದುಡ್ಡು, ಪದವಿ, ಬೇರೆ ದಾರಿಗಳು

ಡಿಗ್ರಿ ಬೇಕಾ? ಸ್ಟುಡಿಯೋದಲ್ಲಿ ರೀಲ್ ನೋಡುವವರು ಡಿಗ್ರಿ ನೋಡುವುದು ಕಮ್ಮಿ. ಆದರೆ ಮುಂದೆ ಬೇರೆ ದೇಶದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ವೀಸಾ ಕೊಡುವಾಗ ಪದವಿ ಕೇಳಬಹುದು. ಮೇಲೆ ಓದುವುದಕ್ಕೂ ಬೇಕು. ಮೂರು ನಾಲ್ಕು ವರ್ಷ ಕೊಡಲು ಆಗದವರು ಡಿಪ್ಲೊಮಾ ನೋಡಲಿ. ಆನ್‌ಲೈನ್ ಶಾಲೆಗಳನ್ನೂ ಕಡೆಗಣಿಸಬೇಡಿ. 2005ರಲ್ಲಿ ಮೂವರು ಅನಿಮೇಟರ್‌ಗಳು ಸೇರಿ ಶುರು ಮಾಡಿದ ಅನಿಮೇಷನ್ ಮೆಂಟರ್ ಆ ಥರದ್ದು. ಸ್ಟುಡಿಯೋಗಳಲ್ಲಿ ದುಡಿಯುವವರೇ ಅಲ್ಲಿ ವಿದ್ಯಾರ್ಥಿಯ ಶಾಟ್ ನೋಡಿ ತಿದ್ದುತ್ತಾರೆ. ಯಾವುದೋ ಡಿಗ್ರಿ ಓದುತ್ತಾ ಪಕ್ಕದಲ್ಲಿ ಇಂಥ ಕೋರ್ಸ್ ಮಾಡಿ ಕೆಲಸಕ್ಕೆ ಬಂದವರನ್ನು ನಾನು ಕಂಡಿದ್ದೇನೆ.

ಫೀಸಿಗೆ ಸಾಲ ಮಾಡುವುದಾದರೆ ಮಾರುಕಟ್ಟೆಯ ಸ್ಥಿತಿ ಗೊತ್ತಿರಲಿ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಹೆದರಿಸಲು ಹೇಳುತ್ತಿಲ್ಲ. ಪಾತ್ರದ ಚಲನೆ ಚೆನ್ನಾಗಿ ಬಲ್ಲವರು ಸಿನಿಮಾ, ಜಾಹೀರಾತು, ತರಬೇತಿ ಸಿಮ್ಯುಲೇಷನ್ ಕಡೆಗೂ ಹೋಗಬಹುದು. ಒಂದೇ ಎಂಜಿನ್‌ನ ಮೆನು ಕಲಿಸಿ ಕಳಿಸುವ ಕೋರ್ಸ್ ಆ ಬಾಗಿಲು ತೆರೆಯುವುದಿಲ್ಲ. ಕಂತಿನಲ್ಲಿ ಕಟ್ಟಬಹುದಾ, ಮೊದಲ ಸೆಮಿಸ್ಟರ್ ಆದ ಮೇಲೆ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತೀರಿ ಎಂದು ಬರಹದಲ್ಲಿ ಪಡೆಯಿರಿ. ಮಾಯಾ ವಿದ್ಯಾರ್ಥಿಗಳಿಗೆ ಉಚಿತ, ಎಂಜಿನ್‌ಗಳೂ ಕಲಿಯುವವರಿಗೆ ಉಚಿತ. ಇವುಗಳ ಹೆಸರಲ್ಲಿ ಬೇರೆ ಫೀಸು ಕೇಳಿದರೆ ಯಾಕೆ ಅಂತ ಕೇಳಿ.

ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಅನಿಮೇಷನ್ ಉಪನ್ಯಾಸಗಳು ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನಾಲ್ಕೈದು ನೋಡಿಕೊಂಡು ಹೋದರೆ ಕಾಲೇಜಿನವರ ಮಾತು ಅಳೆಯುವುದು ಸಲೀಸು.

7. ಅರ್ಜಿ ಹಾಕುವಾಗ

ಒಳ್ಳೆಯ ಕೋರ್ಸ್‌ಗಳು ಸಾಮಾನ್ಯವಾಗಿ ಪೋರ್ಟ್‌ಫೋಲಿಯೋ ಕೇಳುತ್ತವೆ. ಏನೂ ಕೇಳದೆ ಸೀಟು ಕೊಡುವ ಕಡೆ ಸ್ವಲ್ಪ ಹುಷಾರು. ಪ್ರಸಿದ್ಧ ಗೇಮ್ ಪಾತ್ರಗಳನ್ನು ನೋಡಿ ಬಿಡಿಸಿದ್ದನ್ನು ತುಂಬಬೇಡಿ, ಅಂಥವನ್ನು ಅವರು ದಿನಾ ನೋಡುತ್ತಿರುತ್ತಾರೆ. ಬಸ್ಸಿಗೆ ಕಾಯುತ್ತಾ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರು, ಮಗು ಎತ್ತಿಕೊಂಡು ಹಿಂದಕ್ಕೆ ವಾಲಿದವರು, ಮೈ ಮುರಿಯುವ ನಾಯಿ: ಇಂಥವನ್ನು ಅರ್ಧ ನಿಮಿಷದಲ್ಲಿ ಗೀಚಿದ ಪುಟಗಳು ಸಾಕು. ಗೆರೆ ಅಂದವಾಗಿರದಿದ್ದರೂ ನಡೆಯುತ್ತದೆ. ಭಾರ ಎಲ್ಲಿದೆ ಅಂತ ಕಾಣಬೇಕು.

ಆ ಹದಿನೈದು ದಿನದ ಚೆಂಡುಗಳನ್ನೂ ಸೇರಿಸಿ. ಹಳೇ ಫೈಲು ಅಳಿಸಬೇಡಿ. ಮೊದಲ ದಿನದ್ದನ್ನೂ ಕೊನೆಯ ದಿನದ್ದನ್ನೂ ಒಂದೇ ವಿಡಿಯೋದಲ್ಲಿ ಅಕ್ಕಪಕ್ಕ ಇಟ್ಟು, ನಡುವೆ ಏನೇನು ತಿದ್ದಿದಿರಿ ಎಂದು ಕೆಳಗೆ ಎರಡು ಸಾಲು ಬರೆಯಿರಿ. ಸಂದರ್ಶನದಲ್ಲಿ ಎದುರಿಗೆ ಕೂತವರು ಆ ಎರಡು ಸಾಲಿನ ಬಗ್ಗೆ ಪ್ರಶ್ನೆ ಕೇಳಿದರೆ ಆ ಕಾಲೇಜನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕಿ.